ತೂಕ ಮಾತ್ರ ಅಲ್ಲ, ಸೊಂಟದ ಸುತ್ತಳತೆಯನ್ನೂ ನೋಡಿ

ತೂಕ ಸರಿಯಿದೆ ಅಂತ ಸುಮ್ನೆ ಇರಬೇಡಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ.

ಜೀನ್ಸ್ ಹೊಲಿಯುವ ನಮ್ಮ ಬಳ್ಳಾರಿಯಲ್ಲಿ ಅಳತೆ ಟೇಪಿಗೇನು ಬರ, ಅಲ್ವಾ? ಬಟ್ಟೆ ಸರಿಸಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಸುತ್ತಿ. ಪ್ಯಾಂಟ್ ಕಟ್ಟುವ ಜಾಗದಲ್ಲಿ ಬೇಡ. ಹೊಟ್ಟೆ ಅದರ ಮೇಲೆ ಜೋತು ಬಿದ್ದಿದ್ದರೆ ಅಳತೆ ಕಡಿಮೆ ಬರುತ್ತದೆ. ಉಸಿರು ಬಿಟ್ಟ ಮೇಲೆ ಅಳತೆ ನೋಡಿ. ದಯವಿಟ್ಟು ಹೊಟ್ಟೆ ಒಳಗೆಳೆದುಕೊಳ್ಳಬೇಡಿ.

ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವ ಲೆಕ್ಕವೂ ಇದೆ. ಗರ್ಭಿಣಿಯರಿಗೆ ಇದು ಅನ್ವಯಿಸುವುದಿಲ್ಲ. ಅಳತೆ ಮೀರಿದ್ದರೆ ಈ ವಾರವೇ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ.