ಮುಂಬೈಯಲ್ಲಿ ಕೂತು ಗೋವಾ ಮನೆಯ ನೆಟ್ ಮೇಲೆ ಕಣ್ಣಿಡುವುದು ಹೇಗೆ?

ವಾಸ ಡೊಂಬಿವಲಿಯಲ್ಲೋ ಪುಣೆಯಲ್ಲೋ, ಕಾಣಕೋಣದಲ್ಲೊಂದು ಮನೆ. ಬೀಗ ಹಾಕಿದ ಆ ಮನೆಯ ಕ್ಯಾಮೆರಾ ಇದ್ದಕ್ಕಿದ್ದಂತೆ ಆಫ್‌ಲೈನ್ ಆಯಿತೆಂದರೆ ಸಾಮಾನ್ಯವಾಗಿ ಕಾರಣ ಮೂರರಲ್ಲಿ ಒಂದು: ಕರೆಂಟ್ ಹೋಗಿದೆ, ಫೈಬರ್ ಕಡಿದಿದೆ, ಇಲ್ಲವೇ ರೂಟರ್ ಹ್ಯಾಂಗ್ ಆಗಿದೆ. ಮೊದಲನೆಯದಕ್ಕೆ ಕಾಯಬೇಕು, ಎರಡನೆಯದಕ್ಕೆ ದೂರು ಕೊಡಬೇಕು, ಮೂರನೆಯದಕ್ಕೆ ನೆರೆಯವರು ಒಮ್ಮೆ ಸ್ವಿಚ್ ಆರಿಸಿ ಹಾಕಿದರೆ ಸಾಕು. ಆದ್ದರಿಂದ ನೆಟ್ ಹೋಗಿದೆ ಎಂದಷ್ಟೇ ತಿಳಿದರೆ ಸಾಲದು, ಯಾಕೆ ಹೋಯಿತೆಂದೂ ತಿಳಿಯಬೇಕು.

ಹೊರಗಿನಿಂದ ಮನೆಯ ರೂಟರಿಗೆ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಸಣ್ಣ ಸಂದೇಶ) ಕಳಿಸುವ ಉಪಾಯ ಹಲವು ಕಡೆ ನಡೆಯುವುದಿಲ್ಲ. ರೂಟರಿನ ಸೆಟ್ಟಿಂಗ್ ಪುಟ ತೆರೆದು ವ್ಯಾನ್ ಐಪಿ (ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ಹಲವು ಗ್ರಾಹಕರಿಗೆ ಹಂಚಿದೆ. ಹೊರಗಿನ ಪಿಂಗ್ ನಿಮ್ಮ ಮನೆ ಮುಟ್ಟುವುದೇ ಇಲ್ಲ. ಮನೆಯೊಳಗಿನ ಯಂತ್ರವೇ ಆಗಾಗ ‘ಇದ್ದೇನೆ’ ಎಂದು ಹೊರಗೆ ಹೇಳುತ್ತಿರಬೇಕು. ಹೇಳುವುದು ನಿಂತರೆ ನಿಮಗೆ ಎಚ್ಚರಿಕೆ ಬರಬೇಕು.

ಬೇಕಾದದ್ದು: ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್; ಲ್ಯಾನ್ ಕಿಂಡಿ ಇರುವ 3 ಅಥವಾ 4), ರೂಟರಿಗೆ ಹೊಂದುವ 12 ವೋಲ್ಟ್ ಮಿನಿ ಯುಪಿಎಸ್, ಒಂದು ವೈಫೈ ಸ್ಮಾರ್ಟ್ ಪ್ಲಗ್. ಪೈ ಬದಲು ಹಳೆಯ ಮೊಬೈಲ್ ಇಡುವ ಆಸೆ ಬೇಡ. ಸದಾ ಚಾರ್ಜಿಗಿಟ್ಟ ಬ್ಯಾಟರಿ ಬೀಗ ಹಾಕಿದ ಮನೆಯ ಸೆಕೆಗೆ ಉಬ್ಬುತ್ತದೆ, ನೋಡಿಕೊಳ್ಳಲು ಯಾರೂ ಇರುವುದಿಲ್ಲ.

ಯುಪಿಎಸ್ ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲಿನ ಆಂಪ್ ನೋಡಿ. ಅದಕ್ಕಿಂತ ಕಡಿಮೆಯದ್ದು ಬೇಡ. ಡಬ್ಬಿಯ ಮೇಲಿನ 8800 ಎಂಎಎಚ್ ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ, 12 ವೋಲ್ಟಿನದ್ದಲ್ಲ. ಅಂದರೆ ಸುಮಾರು 32 ವ್ಯಾಟ್-ಅವರ್. ರೂಟರ್, ಪೈ ಸೇರಿ 11 ವ್ಯಾಟ್ ಎಳೆದರೆ ನಷ್ಟ ಕಳೆದು ಎರಡೂವರೆ ಗಂಟೆ ಸಿಕ್ಕೀತು. ಯುಪಿಎಸ್‌ನ ಯುಎಸ್‌ಬಿ ಕಿಂಡಿ 1 ಆಂಪಿನದ್ದಾದರೆ ಪೈ ನಡುನಡುವೆ ರೀಬೂಟ್ ಆಗಬಹುದು, 2.5 ಆಂಪ್ ಇರಲಿ.

ಪೈಯನ್ನು ಲ್ಯಾನ್ ಕೇಬಲ್‌ನಿಂದಲೇ ರೂಟರಿಗೆ ಸೇರಿಸಿ. ಸ್ಮಾರ್ಟ್ ಪ್ಲಗ್ಗನ್ನು ಮಾತ್ರ ಯುಪಿಎಸ್‌ಗೆ ಕೊಡದೆ ನೇರ ಗೋಡೆಯ ಸಾಕೆಟ್‌ಗೆ ಹಾಕಿ, ರೂಟರಿನಲ್ಲಿ ಅದಕ್ಕೊಂದು ಖಾಯಂ ಐಪಿ ಕೊಡಿ. ಇಡೀ ವ್ಯವಸ್ಥೆಯ ಗುಟ್ಟು ಇಲ್ಲಿದೆ. ಕರೆಂಟ್ ಹೋದ ಕ್ಷಣ ಪ್ಲಗ್ ಸಾಯುತ್ತದೆ, ಪೈ ಮತ್ತು ರೂಟರ್ ಬದುಕಿರುತ್ತವೆ.

ಹೆಲ್ತ್‌ಚೆಕ್ಸ್ ಡಾಟ್ ಐಓ ಎಂಬ, ಸಂದೇಶ ಬರುವುದು ನಿಂತರೆ ಎಚ್ಚರಿಸುವ ಸೇವೆಯ ಉಚಿತ ಖಾತೆಯಲ್ಲಿ ಎರಡು ಚೆಕ್ ಮಾಡಿಕೊಳ್ಳಿ: ‘ನೆಟ್’, ‘ಕರೆಂಟ್’. ಅವಧಿ 5 ನಿಮಿಷ, ರಿಯಾಯಿತಿ (ಗ್ರೇಸ್, ಅಂದರೆ ತಡವಾದರೆ ಕಾಯುವ ಹೊತ್ತು) 10 ನಿಮಿಷ. ರಿಯಾಯಿತಿ ಇನ್ನೂ ಕಡಿಮೆ ಮಾಡಿದರೆ ಪ್ರತಿ ಸಣ್ಣ ತಡವರಿಕೆಗೂ ಫೋನ್ ಗುಣುಗುಟ್ಟಿ, ಕೊನೆಗೆ ನೀವೇ ಎಚ್ಚರಿಕೆಯನ್ನು ಕಡೆಗಣಿಸತೊಡಗುತ್ತೀರಿ. ಪೈಯಲ್ಲಿ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ನಡೆಸುವ ವ್ಯವಸ್ಥೆ) ಮೂಲಕ 5 ನಿಮಿಷಕ್ಕೊಮ್ಮೆ ಕರ್ಲ್ (ವೆಬ್ ಕೊಂಡಿ ತೆರೆಯುವ) ಆಜ್ಞೆಯಿಂದ ‘ನೆಟ್’ ಚೆಕ್ಕಿನ ಕೊಂಡಿ ತಟ್ಟಿಸಿ. ಪ್ಲಗ್ ಪಿಂಗಿಗೆ ಉತ್ತರಿಸಿದರೆ ಮಾತ್ರ ‘ಕರೆಂಟ್’ ಕೊಂಡಿಯನ್ನೂ ತಟ್ಟಿಸಿ. ಅಗ್ಗದ ಪ್ಲಗ್‌ಗಳು ಒಮ್ಮೊಮ್ಮೆ ಉತ್ತರ ಕೊಡುವುದಿಲ್ಲ, ಪ್ರತಿ ಸಲ ಮೂರು ಪಿಂಗ್ ಕಳಿಸಿ.

ಇನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ‘ಕರೆಂಟ್’ ಮಾತ್ರ ನಿಂತರೆ ವಿದ್ಯುತ್ ಹೋಗಿದೆ. ಸ್ವಲ್ಪ ಹೊತ್ತಿನ ಬಳಿಕ ‘ನೆಟ್’ ಕೂಡ ನಿಂತರೆ ಬಹುಶಃ ಯುಪಿಎಸ್ ಖಾಲಿ. ಎರಡೂ ಒಟ್ಟಿಗೆ ನಿಂತರೆ ಲೈನು ಅಥವಾ ರೂಟರ್.

ಲೈನೋ ರೂಟರೋ ಎಂದು ಹೇಳುವುದು ದೀಪ. ರೂಟರಿನ ಎಲ್‌ಓಎಸ್ (LOS) ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಕಂಬದ ಮೇಲಿನ ಫೈಬರ್ ತುಂಡಾದರೆ ಹೀಗಾಗುತ್ತದೆ. ಪಾನ್ (PON) ದೀಪ ಹಸಿರಾಗಿ ನಿಂತಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಬೇಕು. ಕೀಲಿ ಇಟ್ಟುಕೊಂಡ ನೆರೆಯವರಿಗೆ ಫೋನಿನಲ್ಲಿ ವಿವರಿಸುವುದು ಕಷ್ಟ, ಆ ಎರಡು ದೀಪಗಳ ಪಕ್ಕ ಬಣ್ಣದ ಸ್ಟಿಕರ್ ಅಂಟಿಸಿ, ಗ್ರಾಹಕ ಸಂಖ್ಯೆಯನ್ನೂ ಅಲ್ಲೇ ಬರೆದಿಡಿ. ಹೊರಡುವ ಮುನ್ನ ರೂಟರ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಒಳಬರುವ ಬೆಳಕಿನ ಸಿಗ್ನಲ್ಲಿನ ಬಲ) ಬರೆದುಕೊಳ್ಳಿ. ಅದು ಮೈನಸ್ 27 ಡಿಬಿಎಂ ಸುತ್ತ ಇದ್ದರೆ ನೆಟ್ ಸದ್ಯ ನಡೆಯುತ್ತಿದ್ದರೂ ಈಗಲೇ ದೂರು ಕೊಡುವುದು ಒಳ್ಳೆಯದು.

ಪೈ 3, 4ರೊಳಗೆ ಗಡಿಯಾರದ ಬ್ಯಾಟರಿ ಇಲ್ಲ. ಯುಪಿಎಸ್ ಖಾಲಿಯಾಗಿ ಮತ್ತೆ ಎದ್ದಾಗ ನೆಟ್ ಇಲ್ಲದಿದ್ದರೆ ಅದು ಹಳೆಯ ಸಮಯವನ್ನೇ ಲಾಗ್‌ನಲ್ಲಿ ಬರೆಯುತ್ತದೆ. ದೂರಿಗೆ ಸಮಯ ಬೇಕಾದಾಗ ಹೆಲ್ತ್‌ಚೆಕ್ಸ್ ಪುಟದ ದಾಖಲೆಯನ್ನೇ ಕೊಡಿ.

ಬೀಗ ಹಾಕುವ ಮೊದಲು ಎರಡು ಪರೀಕ್ಷೆ. ಮೇನ್ ಎಂಸಿಬಿ ಇಳಿಸಿ ಕಾಯಿರಿ, 15 ನಿಮಿಷದೊಳಗೆ ‘ಕರೆಂಟ್’ ಎಚ್ಚರಿಕೆ ಬರಬೇಕು. ಎಂಸಿಬಿ ಏರಿಸಿ ಪೈಯ ಲ್ಯಾನ್ ಕೇಬಲ್ ಕಿತ್ತರೆ ಎರಡೂ ಬರಬೇಕು. ಫೈಬರ್ ತುದಿಯನ್ನು ಮಾತ್ರ ಪರೀಕ್ಷೆಗೆಂದು ಕೀಳಬೇಡಿ, ಒಳಗೆ ಧೂಳು ಸೇರಿದರೆ ಸಿಗ್ನಲ್ ಕುಗ್ಗುತ್ತದೆ.