ಆ ಮಿಲ್ಲು ಮೊದಲು ಎಲ್ಲಿತ್ತು? ಹುಡುಕುವ ಬಗೆ

ಕಾಫಿಯ ಸಿಪ್ಪೆ ಬಿಡಿಸುವ ಹಲ್ಲಿಂಗ್ ಮಿಲ್ಲಿಗೋ ಅಕ್ಕಿ ಗಿರಣಿಗೋ ಐವತ್ತೋ ಎಪ್ಪತ್ತೈದೋ ವರ್ಷ ತುಂಬಿದರೆ ಸ್ಮರಣ ಸಂಚಿಕೆ ಬರುತ್ತದೆ. ಅದರಲ್ಲಿ 'ನಮ್ಮ ಮೊದಲ ಕಟ್ಟಡ' ಎಂದು ಹಾಕಿದ ಫೋಟೊ ಎಷ್ಟೋ ಸಲ ಎರಡನೆಯದೋ ಮೂರನೆಯದೋ ಆಗಿರುತ್ತದೆ. ಕೊಡಗಿನ ಗೋಣಿಕೊಪ್ಪಲು ಕಡೆಯ ಇಂಥದ್ದೇ ಒಂದು ಸಂಚಿಕೆ ನೋಡಿ, ಅಲ್ಲಿ ದುಡಿದಿದ್ದ ಅಜ್ಜ ಒಬ್ಬರು "ಇದು ಗೋಡೌನು ಮಗಾ, ಮಿಷಿನ್ ಇದ್ದದ್ದು ಇಲ್ಲಲ್ಲ" ಎಂದು ನೊಂದುಕೊಂಡಿದ್ದರು.

ಹಂತ 1: ಹಳೇ ಬಿಲ್ ಪುಸ್ತಕ, ಲೆಟರ್‌ಹೆಡ್, ಕರೆಂಟ್ ರಸೀದಿ ಒಟ್ಟು ಮಾಡಿ. ಮೊಬೈಲಿನ ಸ್ಕ್ಯಾನಿಂಗ್ ಆ್ಯಪ್ ಬೇಡವೇ ಬೇಡ. ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ಪೆನ್ಸಿಲ್ ಗುರುತನ್ನೂ ಅಂಚಿನ ಸೀಲನ್ನೂ ನುಂಗಿಬಿಡುತ್ತದೆ. ಮಾಮೂಲಿ ಫೋಟೊ ಸಾಕು.

ಹಂತ 2: ಸಬ್ ರಿಜಿಸ್ಟ್ರಾರ್ ಕಚೇರಿ. ಎಲ್ಲರೂ ಎಡವುವುದು ಇಲ್ಲೇ. ಮಿಲ್ಲಿನ ಹೆಸರು ಕೊಟ್ಟು ಹುಡುಕಿಸುತ್ತಾರೆ, ಸಿಗುವುದಿಲ್ಲ, ಮನೆಗೆ ಬರುತ್ತಾರೆ. ಆ ಕಾಲದ ಪತ್ರಗಳು ಮಾಲೀಕರ ಹೆಸರಿನಲ್ಲಿ ಆಗಿರುತ್ತಿದ್ದವು. ಕೊಡವರಾದರೆ ಮನೆತನದ ಹೆಸರು ಮೊದಲು ಬರುತ್ತದೆ, ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಾಲ್ಕು ಬಗೆಯ ಕಾಗುಣಿತ. ನಾಲ್ಕನ್ನೂ ಕೇಳಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾದ ಪತ್ರಗಳ ಒಂದನೇ ಇಂಡೆಕ್ಸ್ (ಸೂಚಿ) ಹೆಸರಿನದು, ಎರಡನೆಯದು ಆಸ್ತಿಯದು. ಶುಲ್ಕ ಕಟ್ಟಿದವರು ಯಾರಾದರೂ ನೋಡಬಹುದು. ಹೆಸರಿನಲ್ಲಿ ಸಿಗದಿದ್ದರೆ ಸರ್ವೆ ನಂಬರ್ ಹಿಡಿದು ಎರಡನೆಯದಕ್ಕೆ ಹೋಗಿ. ಊರಿನ ಹೆಸರೂ ಕೈಕೊಡುತ್ತದೆ: ಮಡಿಕೇರಿ ಮರ್ಕಾರಾ ಆಗಿರುತ್ತದೆ, ಕುಶಾಲನಗರ ಫ್ರೇಸರ್‌ಪೇಟೆ.

ಅಲ್ಲೂ ಏನೂ ಇಲ್ಲವೆಂದರೆ ಮಿಲ್ಲೇ ಇರಲಿಲ್ಲ ಎಂದುಕೊಳ್ಳಬೇಡಿ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ಮಾತ್ರ ನೋಂದಣಿ ಕಡ್ಡಾಯ. ಕೈಯಲ್ಲಿ ಕಾಸಿಲ್ಲದೆ ಶುರು ಮಾಡಿದವರು ಹನ್ನೊಂದು ತಿಂಗಳ ಕರಾರಿನಲ್ಲೇ ವರ್ಷಗಟ್ಟಲೆ ಕಳೆದಿರುತ್ತಾರೆ. ಆಗ ಕರೆಂಟ್ ರಸೀದಿಯ ಆರ್.ಆರ್. ನಂಬರೇ ಗತಿ, ಮೀಟರ್ ಯಾವ ಕಟ್ಟಡದ್ದು ಎಂಬುದು ಅದರಿಂದ ಗೊತ್ತಾಗುತ್ತದೆ. ಪಂಚಾಯಿತಿಯ ಹಳೇ ಕಂದಾಯದ ರಿಜಿಸ್ಟರನ್ನೂ ಬಿಡಬೇಡಿ.

ಹಂತ 3: ಜಾಗಕ್ಕೆ ಹೋಗಿ, ಮಳೆಗಾಲಕ್ಕೆ ಮುಂಚೆಯೇ. ಹಂಚು ನೋಡಿ ವರ್ಷ ಹೇಳುವವರನ್ನು ನಂಬಬೇಡಿ. ಬಾಸೆಲ್ ಮಿಷನ್ ಹಂಚಿನ ಮೇಲಿನ 1865 ಮಂಗಳೂರಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಚಾವಣಿಯದಲ್ಲ. ಹಂಚು ಮನೆಯಿಂದ ಮನೆಗೆ ಹೋಗುವ ವಸ್ತು ಬೇರೆ. ನೆಲ ನೋಡಿ. ಎಂಜಿನ್ ಕೂರಿಸಿದ್ದ ಸಿಮೆಂಟ್ ಕಟ್ಟೆ, ಅದರ ಮೇಲೆ ತುಕ್ಕು ಹಿಡಿದ ನಾಲ್ಕು ಬೋಲ್ಟು, ಪಕ್ಕದ ಗೋಡೆಯಲ್ಲಿ ಬೆಲ್ಟ್ ಹಾದುಹೋಗುತ್ತಿದ್ದ ಉದ್ದನೆಯ ಕಿಂಡಿ, ಅದರ ಅಂಚಿಗೆ ಎಷ್ಟು ಸುಣ್ಣ ಬಳಿದರೂ ಮೇಲೇಳುವ ಎಣ್ಣೆ ಕರೆ. ಇಷ್ಟು ಸಿಕ್ಕರೆ ಮಿಷಿನ್ ಓಡಿದ ಜಾಗ ಅದೇ.

ಹಂತ 4: ಅಲ್ಲಿ ಕೆಲಸ ಮಾಡಿದ ಹಿರಿಯರನ್ನು ಕರೆತನ್ನಿ. 'ಯಾವ ಇಸವಿ' ಎಂದು ಕೇಳಬೇಡಿ. "ಅಜ್ಜ, ಕೊಡಗು ಮೈಸೂರಿಗೆ ಸೇರುವ ಮುಂಚೆಯಾ, ಆಮೇಲಾ?" ಎನ್ನಿ, 1956ರ ನವೆಂಬರ್ ಅವರಿಗೆ ನೆನಪಿರುತ್ತದೆ. ಮುಂಚೆ ಎಂದರೆ ಸರ್ಕಾರಿ ಕಡತಕ್ಕಾಗಿ ಬೆಂಗಳೂರಿನ ಪತ್ರಾಗಾರಕ್ಕೂ ಒಮ್ಮೆ ಹೋಗಿ. 1940ರವರೆಗೆ ಮೈಸೂರಿನ ರೆಸಿಡೆಂಟರೇ, ಅಂದರೆ ಆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯೇ, ಕೊಡಗಿನ ಆಡಳಿತ ನೋಡುವ ಚೀಫ್ ಕಮಿಷನರ್, ಅವರು ಇದ್ದದ್ದು ಬೆಂಗಳೂರಿನಲ್ಲಿ.

ಕೊನೆಗೆ ಆ ಕಟ್ಟೆಯ ಪಕ್ಕ ಅಜ್ಜನನ್ನು ನಿಲ್ಲಿಸಿ ಒಂದು ಫೋಟೊ ತೆಗೆದು ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ಸರ್ವೆ ನಂಬರ್, ದಿನಾಂಕ, ಜಾಗ ತೋರಿಸಿದವರ ಹೆಸರು ಬರೆಯಿರಿ, ಪೆನ್ಸಿಲಿನಲ್ಲೇ.