ಎನ್‌ಬಿಎ ನೋಡಲು ಕಲಿಯುವುದು ಹೇಗೆ: ಕೊಡಗಿನ ಹಾಕಿ ಪ್ರೇಮಿಗಳಿಗೊಂದು ಪ್ರವೇಶಿಕೆ

ಕೊಡಗಿನಲ್ಲಿ ಏಪ್ರಿಲ್ ಬಂತೆಂದರೆ ಎಲ್ಲೆಲ್ಲೂ ಕೌಟುಂಬಿಕ ಹಾಕಿಯದೇ ಮಾತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಈ ಪಂದ್ಯಾವಳಿಯಲ್ಲಿ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರೇ ತಂಡದ ಹೆಸರು. ಒಮ್ಮೆ ಸೋತರೆ ಆ ಒಕ್ಕದ ಆಟ ಆ ವರ್ಷಕ್ಕೆ ಮುಗಿಯಿತು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪ್ಲೇಆಫ್ ಕೂಡ ಏಪ್ರಿಲ್‌ನಲ್ಲೇ ಶುರುವಾಗುತ್ತದೆ, ಆದರೆ ಅದರ ನಡೆ ಬೇರೆ. ಅಲ್ಲಿ ಅದೇ ಎರಡು ತಂಡಗಳು ಏಳು ಪಂದ್ಯಗಳವರೆಗೂ ಎದುರುಬದುರಾಗುತ್ತವೆ. ಮೊದಲು ನಾಲ್ಕನ್ನು ಗೆದ್ದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಸೋತ ತಂಡ ಎರಡು ದಿನಗಳಲ್ಲಿ ಏನನ್ನು ತಿದ್ದಿಕೊಂಡು ಬಂತು ಎಂಬುದನ್ನು ನೋಡುವುದರಲ್ಲೇ ಈ ಲೀಗಿನ ನಿಜವಾದ ಸ್ವಾರಸ್ಯ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಹೊಸಬರು ಪ್ರಸಿದ್ಧ ಆಟಗಾರರ ತುಣುಕು ವಿಡಿಯೋಗಳಿಂದ ಆರಂಭಿಸದೆ, ಒಂದು ತಂಡವನ್ನು ಆರಿಸಿಕೊಂಡು ಅದರ ಹಿಂದೆ ಹೋಗುವುದು ಒಳ್ಳೆಯದು.

ಮೊದಲು ಲೀಗಿನ ರಚನೆಯನ್ನು ತಿಳಿದುಕೊಳ್ಳಿ. 1946ರಲ್ಲಿ ಬೇರೆ ಹೆಸರಿನಿಂದ ಹುಟ್ಟಿ, 1949ರಲ್ಲಿ ಮತ್ತೊಂದು ಲೀಗಿನೊಡನೆ ಸೇರಿ ಎನ್‌ಬಿಎ ಆದ ಈ ಕೂಟದಲ್ಲಿ ಈಗ 30 ತಂಡಗಳಿವೆ. ಕೆನಡಾದ ಟೊರಾಂಟೊ ರ್‍ಯಾಪ್ಟರ್ಸ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಅಮೆರಿಕದವು. ಪೂರ್ವ ಮತ್ತು ಪಶ್ಚಿಮ ಎಂಬ ಎರಡು ವಿಭಾಗಗಳಲ್ಲಿ ತಲಾ 15 ತಂಡಗಳು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಪ್ರತಿ ತಂಡ 82 ಪಂದ್ಯಗಳನ್ನು ಆಡುತ್ತದೆ. ಪ್ರತಿ ವಿಭಾಗದ ಮೊದಲ ಆರು ತಂಡಗಳು ನೇರವಾಗಿ ಪ್ಲೇಆಫ್ ತಲುಪುತ್ತವೆ. ಏಳರಿಂದ ಹತ್ತನೆಯ ಸ್ಥಾನದವರೆಗಿನ ತಂಡಗಳು ಉಳಿದ ಎರಡು ಸ್ಥಾನಗಳಿಗಾಗಿ ಪ್ಲೇಇನ್ ಪಂದ್ಯಗಳಲ್ಲಿ ಸೆಣಸುತ್ತವೆ. ಪ್ರಶಸ್ತಿಗೆ ನಾಲ್ಕು ಸುತ್ತು, ಅಂದರೆ 16 ಗೆಲುವು ಬೇಕು.

ಅಂಕಪಟ್ಟಿಯಲ್ಲಿ ಡ್ರಾ ಎಂಬ ಕಾಲಂ ಇಲ್ಲ, ಏಕೆಂದರೆ ಪಂದ್ಯ ಸಮವಾದರೆ ಫಲಿತಾಂಶ ಬರುವವರೆಗೆ ಐದೈದು ನಿಮಿಷಗಳ ಹೆಚ್ಚುವರಿ ಆಟ ಆಡಿಸುತ್ತಾರೆ. ಹೊಸಬರಿಗೆ ಗೊಂದಲ ತರುವುದು ‘ಜಿಬಿ’ (ಗೇಮ್ಸ್ ಬಿಹೈಂಡ್, ಅಂದರೆ ಮೊದಲ ತಂಡಕ್ಕಿಂತ ಎಷ್ಟು ಪಂದ್ಯ ಹಿಂದೆ) ಎಂಬ ಕಾಲಂ. ಮೊದಲ ತಂಡ 40 ಗೆದ್ದು 15 ಸೋತಿದೆ, ಎರಡನೆಯದು 37 ಗೆದ್ದು 18 ಸೋತಿದೆ ಎನ್ನಿ; ಗೆಲುವಿನ ಅಂತರ ಮೂರನ್ನೂ ಸೋಲಿನ ಅಂತರ ಮೂರನ್ನೂ ಕೂಡಿಸಿ ಅರ್ಧ ಮಾಡಿದರೆ ಎರಡನೆಯ ತಂಡ ಮೂರು ಪಂದ್ಯಗಳಷ್ಟು ಹಿಂದಿದೆ ಎಂದಾಗುತ್ತದೆ.

ಇನ್ನು ತಂಡದ ಆಯ್ಕೆ. ಇತಿಹಾಸ ಇಷ್ಟಪಡುವವರಿಗೆ 18 ಪ್ರಶಸ್ತಿಗಳ ಬಾಸ್ಟನ್ ಸೆಲ್ಟಿಕ್ಸ್ ಮತ್ತು 17 ಪ್ರಶಸ್ತಿಗಳ ಲಾಸ್ ಏಂಜಲೀಸ್ ಲೇಕರ್ಸ್ ಇವೆ. ಲೇಕರ್ಸ್ ಎಂಬ ಹೆಸರು ಬಂದದ್ದು ಕೆರೆ-ಸರೋವರಗಳ ನಾಡಾದ ಮಿನ್ನೆಸೋಟದಿಂದ. 1960ರಲ್ಲಿ ತಂಡ ಊರು ಬದಲಿಸಿದರೂ ಹೆಸರನ್ನು ಹೊತ್ತೇ ಹೋಯಿತು. ಭಾರತದ ನಂಟು ಬೇಕೆನ್ನುವವರು ಸ್ಯಾಕ್ರಮೆಂಟೊ ಕಿಂಗ್ಸ್ ಕಡೆ ನೋಡಬಹುದು: ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ 2013ರಿಂದ ಅದರ ಮುಖ್ಯ ಮಾಲೀಕರು, ಮತ್ತು 2019ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಇಂಡಿಯಾನಾ ಪೇಸರ್ಸ್ ವಿರುದ್ಧ ಎರಡು ಪಂದ್ಯಗಳನ್ನಾಡಿದ ತಂಡ ಅದೇ. ಆದರೆ ಹಾಕಿ ಬಲ್ಲ ಕಣ್ಣುಗಳಿಗೆ ನಾನು ಡೆನ್ವರ್ ನಗ್ಗೆಟ್ಸ್ ತಂಡವನ್ನೇ ಸೂಚಿಸುತ್ತೇನೆ. ಸರ್ಬಿಯಾದ ನಿಕೊಲಾ ಯೋಕಿಚ್ ಅವರನ್ನು 2014ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಯಲ್ಲಿ, 41ನೆಯವರಾಗಿ ತೆಗೆದುಕೊಂಡ ಈ ತಂಡ 2023ರಲ್ಲಿ ತನ್ನ ಮೊದಲ ಪ್ರಶಸ್ತಿಯನ್ನು ಗೆದ್ದಿತು. ನಮ್ಮ ಒಳ್ಳೆಯ ಸೆಂಟರ್ ಹಾಫ್ ಆಟಗಾರನಂತೆ, ಚೆಂಡು ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂದು ಯೋಕಿಚ್ ನೋಡಿಟ್ಟುಕೊಂಡಿರುತ್ತಾರೆ.

ಆಟವನ್ನು ಓದುವುದಕ್ಕೆ ಒಂದೇ ಒಂದು ದಾಳಿಯನ್ನು ಗಮನಿಸಿದರೆ ಸಾಕು. ಬುಟ್ಟಿಯ ಮೇಲಿರುವ ಗಡಿಯಾರ 24 ಸೆಕೆಂಡುಗಳಿಂದ ಇಳಿಯತೊಡಗುತ್ತದೆ. ಅಷ್ಟರೊಳಗೆ ಚೆಂಡನ್ನು ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಬಂದದ್ದು, ಮುನ್ನಡೆ ಪಡೆದ ತಂಡಗಳು ಚೆಂಡನ್ನು ಹಿಡಿದುಕೊಂಡೇ ಕಾಲ ಕಳೆಯುತ್ತಿದ್ದವೆಂಬ ಕಾರಣಕ್ಕೆ. ಗಾರ್ಡ್, ಅಂದರೆ ಚೆಂಡನ್ನು ಮುಂದೆ ತಂದು ದಾಳಿ ಕಟ್ಟುವ ಆಟಗಾರ, ಅದನ್ನು ಪುಟಿಸುತ್ತ ಎಂಟು ಸೆಕೆಂಡುಗಳೊಳಗೆ ಮಧ್ಯಗೆರೆ ದಾಟಬೇಕು. ಆಗ ಎತ್ತರದ ಸಹ ಆಟಗಾರನೊಬ್ಬ ಬಂದು, ಗಾರ್ಡ್‌ನನ್ನು ಕಾಯುತ್ತಿರುವ ಎದುರಾಳಿಯ ಪಕ್ಕದಲ್ಲಿ ಗೋಡೆಯಂತೆ ನಿಲ್ಲುತ್ತಾನೆ. ಗಾರ್ಡ್ ಅವನ ಭುಜ ಸವರುವಷ್ಟು ಹತ್ತಿರದಿಂದ ನುಗ್ಗುತ್ತಾನೆ; ಕಾಯುವವನು ಆ ಗೋಡೆಗೆ ತಾಗಿ ಅರೆಗಳಿಗೆ ಹಿಂದುಳಿಯುತ್ತಾನೆ. ಈಗ ಎತ್ತರದವನನ್ನು ಕಾಯುತ್ತಿದ್ದ ಎರಡನೆಯ ಎದುರಾಳಿ ಯಾರನ್ನು ತಡೆಯಬೇಕು? ಗಾರ್ಡ್ ಕಡೆ ತಿರುಗಿದರೆ ಎತ್ತರದವನು ಬುಟ್ಟಿಯತ್ತ ತಿರುಗಿ ನುಗ್ಗಿ ಚೆಂಡು ಪಡೆಯುತ್ತಾನೆ. ನೆರವಿಗೆ ಮೂರನೆಯವನು ಬಂದರೆ ಮೂಲೆಯಲ್ಲಿ ಒಬ್ಬ ಒಂಟಿಯಾಗಿ, ಮೂರು ಅಂಕಗಳ ಗೆರೆಯ ಆಚೆ, ಕಾಯುತ್ತಿರುತ್ತಾನೆ. ‘ಪಿಕ್ ಅಂಡ್ ರೋಲ್’ ಎನ್ನುವುದು ಇದನ್ನೇ. ಮೊದಲ ವಾರ ಚೆಂಡನ್ನು ಬಿಟ್ಟು ಆ ಎರಡನೆಯ ಎದುರಾಳಿಯ ಕಾಲುಗಳನ್ನೇ ನೋಡಿ. ಸರಣಿಯಲ್ಲಿ ಸೋತ ತಂಡ ಮುಂದಿನ ಪಂದ್ಯಕ್ಕೆ ಬದಲಿಸುವುದು ಹೆಚ್ಚಾಗಿ ಅವನ ನಡೆಯನ್ನೇ.

ಸಮಯದ ವಿಷಯದಲ್ಲಿ ನಮಗೆ ಅನುಕೂಲವಿದೆ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಸಂಜೆ ಏಳರ ಪಂದ್ಯ ಇಲ್ಲಿ ಬೆಳಗಿನ 5.30ಕ್ಕೆ ಶುರುವಾಗುತ್ತದೆ, ಕಾಫಿ ಕೊಯ್ಲಿನ ದಿನಗಳಲ್ಲಿ ತೋಟಕ್ಕೆ ಹೊರಡುವ ಮೊದಲೇ ಬಹುಪಾಲು ಆಟ ಮುಗಿದಿರುತ್ತದೆ. ಪಶ್ಚಿಮ ಕರಾವಳಿಯ ಪಂದ್ಯಗಳು 8.30ಕ್ಕೆ ಆರಂಭವಾಗುವುದರಿಂದ ಅವು ಭಾನುವಾರಕ್ಕೇ ಸರಿ. ಮಾರ್ಚ್‌ನ ಎರಡನೆಯ ಭಾನುವಾರ ಅವರ ಗಡಿಯಾರ ಬದಲಾಗಿ ಎಲ್ಲವೂ ನಮಗೆ ಒಂದು ಗಂಟೆ ಬೇಗ ಬರುತ್ತದೆ. ವೇಳಾಪಟ್ಟಿಯಲ್ಲಿರುವುದು ಅಮೆರಿಕದ ದಿನಾಂಕವೋ ನಮ್ಮದೋ ಎಂದು ಪರೀಕ್ಷಿಸಿಕೊಳ್ಳಿ, ಅಲ್ಲಿನ ಮಂಗಳವಾರ ರಾತ್ರಿ ಇಲ್ಲಿ ಬುಧವಾರ ಬೆಳಿಗ್ಗೆ.

ಫೈನಲ್ ಸರಣಿ ನಡೆಯುವುದು ಜೂನ್‌ನಲ್ಲಿ, ಮಳೆ ಹಿಡಿದು ಕರೆಂಟು ಹೋಗುವ ಕಾಲದಲ್ಲಿ. ಹಿಂದಿನ ರಾತ್ರಿಯೇ ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ. ಸಿಗ್ನಲ್ ಕೈಕೊಟ್ಟು ಸಂಜೆ ನೋಡಬೇಕಾಗಿ ಬಂದರೆ, ಎನ್‌ಬಿಎ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಂಕಗಳನ್ನು ಮರೆಮಾಡುವ ಆಯ್ಕೆಯನ್ನು ಮೊದಲೇ ಒತ್ತಿರಿ.